ಹಂಡೆಯಲ್ಲಿ ಪಾಳೇಗಾರ

"ಈ ಸಂಕ್ರಾಂತಿಗೆ ಮಾವನ ಮನೆಯ ಹಿತ್ತಾಳೆ ಮೊಳೆ ಮಣೆ ಮೇಲೆ ನಾನು ಕೂರಲಿಲ್ಲ ಅಂದ್ರೆ, ನನ್ನ ಹೆಸರು ಅಪ್ಪಾಜಪ್ಪನೇ ಅಲ್ಲ!"

ವೇಮಗಲ್ಲಿನ ಬಸ್ ಏಜೆಂಟ್ ಅಪ್ಪಾಜಪ್ಪ ಈ ಭೀಷ್ಮ ಪ್ರತಿಜ್ಞೆ ಮಾಡಿದ್ದು ತುಂಬಿದ ಸಭೆಯಲ್ಲೇನೂ ಅಲ್ಲ. ಸ್ವಂತ ಮನೆಯ ಜಗಲಿ ಮೇಲೆ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು. ಕೇಳಿಸಿಕೊಂಡವರು ಇಬ್ಬರು. ಒಂದು, ಕೊಟ್ಟಿಗೆಯ ಹಸು. ಇನ್ನೊಬ್ಬಳು, ಹೆಂಡತಿ ಕೊಂಡಮ್ಮ. ಹಸು ಕಿವಿಯನ್ನಾದರೂ ಅಲ್ಲಾಡಿಸಿತು.

"ಹೆಸರು ಬದಲಾಯಿಸ್ಕೊಳ್ಳೋದಾದ್ರೆ ಈಗಲೇ ಹೇಳ್ಬಿಡಿ," ಅಂದಳು ಕೊಂಡಮ್ಮ, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ. "ಹೊಸ ಹೆಸರು ಬಾಯಿಗೆ ರೂಢಿ ಆಗೋಕೆ ಟೈಮ್ ಬೇಕು."

ಈ ಮಣೆಯ ಕಥೆ ಏನಪ್ಪಾ ಅಂದರೆ, ಕೊಂಡಮ್ಮನ ತವರು ಶ್ರೀನಿವಾಸಪುರದ ಆಚೆ ಗೌನಿಪಲ್ಲಿ. ಅಪ್ಪ ದೊಡ್ಡವೆಂಕಟಪ್ಪ ಮಾವಿನ ತೋಪಿನ ಯಜಮಾನ. ಇರೋರು ಇಬ್ಬರೇ ಹೆಣ್ಣುಮಕ್ಕಳು, ಇಬ್ಬರೇ ಅಳಿಯಂದಿರು. ಸಂಕ್ರಾಂತಿಗೆ ಇಬ್ಬರೂ ಬರಬೇಕು, ಮಾವನ ಪಕ್ಕ ಊಟಕ್ಕೆ ಕೂರಬೇಕು. ಆ ಮನೆಯಲ್ಲಿ ಹಲಸಿನ ಮರದ ಒಂದು ಹಳೇ ಮಣೆ ಇತ್ತು, ನಾಲ್ಕು ಮೂಲೆಗೂ ಹಿತ್ತಾಳೆ ಮೊಳೆ. ಅದು ದೊಡ್ಡ ಅಳಿಯನ ಸಿಂಹಾಸನ! ಮದುವೆ ಆದಾಗಿನಿಂದ ಅಪ್ಪಾಜಪ್ಪ ಅದರ ಮೇಲೆ ವಿರಾಜಮಾನನಾಗಿದ್ದ. ಹೋದ ವರ್ಷ ಚಿಕ್ಕ ಅಳಿಯ ಕದಿರೇಶ, ಮಾಲೂರಿನಲ್ಲಿ ಹಂಚಿನ ವ್ಯಾಪಾರ ಮಾಡೋ ಷಡ್ಡಕ, ಗಾಳದ ಕ್ಲಬ್ಬಿನಲ್ಲಿ ಗೆದ್ದ ಬೆಳ್ಳಿ ಕಪ್ಪನ್ನ ತಂದು ಮಾವನ ತೊಡೆ ಮೇಲೆ ಇಟ್ಟ. ಅಷ್ಟೇ! ಮಾವ ಮಣೆಯನ್ನ ಕದಿರೇಶನ ಕಡೆ ತಳ್ಳಿ, ಅಪ್ಪಾಜಪ್ಪನಿಗೆ ಈಚಲು ಚಾಪೆ ತೋರಿಸಿದರು. ಚಾಪೆ ಚುಚ್ಚುತ್ತಿತ್ತು. ಚಾಪೆಗಿಂತ ಹೆಚ್ಚಾಗಿ ಪಕ್ಕದಲ್ಲಿ ಕೂತ ಷಡ್ಡಕನ ನಗು ಚುಚ್ಚುತ್ತಿತ್ತು.

ಊರಿಗೆ ಬಂದವನೇ ಅಪ್ಪಾಜಪ್ಪ ಕ್ಲಬ್ಬಿಗೆ ಸೇರಿಬಿಟ್ಟ.

ಬೋರ್ಡಿನ ಮೇಲೆ ಅದರ ಹೆಸರು 'ಮತ್ಸ್ಯವಿನೋದ ಮಿತ್ರಮಂಡಳಿ.' ಜನರ ಬಾಯಲ್ಲಿ ಗಾಳದ ಕ್ಲಬ್ಬು. ಕೋಲಾರದ ರಸ್ತೆಯಲ್ಲಿರೋ ಎರಡು ಕೆರೆ ಅದರ ವಶ. ಅಧ್ಯಕ್ಷರು ಪೆನ್ಷನ್ ಪಡೆದ ರೇಂಜರ್ ಮುನಿರಾಮಪ್ಪ. ಖಾಕಿ ಚಡ್ಡಿ, ತಲೆ ಮೇಲೆ ಟೋಪಿ, ಕೊರಳಲ್ಲಿ ಸೀಟಿ. ಕಾಡು ಬಿಟ್ಟು ಬಂದರೂ ಕಾನೂನು ಬಿಡದ ಮನುಷ್ಯ. ಅವರ ನಿಯಮಗಳಲ್ಲಿ ಎರಡು ಬಹಳ ಮುಖ್ಯ. ಸ್ಪರ್ಧೆಯ ಹಿಂದಿನ ದಿನ ಯಾರೂ ಕೆರೆಗೆ ಗಾಳ ಇಳಿಸಬಾರದು. ಹಿಡಿದ ಮೀನನ್ನ ತೂಕ ಮಾಡಿ, ಮತ್ತೆ ನೀರಿಗೇ ಬಿಡಬೇಕು.

"ಹಿಡಿದು ಬಿಡೋದಾ?" ಕೊಂಡಮ್ಮ ಕೇಳಿದಳು.

"ಹೂಂ ಕಣೇ. ಅದೇ ವಿನೋದ."

"ಸಾರೂ ಇಲ್ಲ, ಹುರಿಯೋದೂ ಇಲ್ಲ?"

"ಇಲ್ಲ."

"ಮೀನಿಗೆ ಮುಖ ತೋರಿಸಿ ಬರೋಕೆ ಇಷ್ಟೊಂದು ಗಂಡಸರು ಹೋಗ್ತೀರಾ?"

ಇಂಥ ಹೆಂಗಸಿಗೆ ವಿನೋದ ಅರ್ಥ ಮಾಡಿಸೋಕೆ ಆಗುತ್ತಾ? 

ದೊಡ್ಡ ಕೆರೆಯಲ್ಲಿ ಒಂದು ಗೆಂಡೆ ಮೀನು ಇತ್ತು. ಎಲ್ಲಾ ಗೆಂಡೆಗಳ ತಾತ ಅದು. ಹೊಳೆಯೋ ಹುರುಪೆ, ಮೂತಿಯ ಅಕ್ಕಪಕ್ಕ ಮೀಸೆ. ಪ್ರತಿಯೊಬ್ಬ ಮೆಂಬರಿನ ಗಾಳದಿಂದಲೂ ಎರೆ ಅನ್ನೋ ಕಪ್ಪಕಾಣಿಕೆ ವಸೂಲು ಮಾಡಿ, ಯಾರಿಗೂ ಶರಣಾಗದೆ ತಿರುಗುತ್ತಿದ್ದರಿಂದ ಕ್ಲಬ್ಬಿನವರು ಅದಕ್ಕೆ 'ಪಾಳೇಗಾರ' ಅಂತ ಹೆಸರಿಟ್ಟಿದ್ದರು. ಪಾಳೇಗಾರನನ್ನ ಹಿಡಿದವನಿಗೆ ಕಪ್ ಖಂಡಿತ. ಕಪ್ ಹಿಡಿದವನಿಗೆ ಮಣೆ ಖಂಡಿತ. ಅಪ್ಪಾಜಪ್ಪನ ಲೆಕ್ಕ ಅಷ್ಟು ಸರಳ.

ಆದರೆ ಪಾಳೇಗಾರನ ಲೆಕ್ಕ ಬೇರೆ ಇತ್ತು. ಅಪ್ಪಾಜಪ್ಪ ರಾಗಿ ಮುದ್ದೆ ಉಂಡೆ ಕಟ್ಟಿ ಹಾಕಿದ. ಕಡ್ಲೆಕಾಯಿ ಹಿಂಡಿ ಹಾಕಿದ. ಹಿಂಡಿಗೆ ತುಪ್ಪ ಸವರಿ ಹಾಕಿದ. ತುಪ್ಪದ ವಿಷಯ ಕೊಂಡಮ್ಮನಿಗೆ ಗೊತ್ತಾಗಿ ಮನೆಯಲ್ಲಿ ಆದ ಗಲಾಟೆ ಬೇರೆ!

"ನನ್ನ ಕೈ ಮುದ್ದೇನ ಮೀನು ತಿಂತಾ ಇಲ್ವಾ?"

"ತಿನ್ನುತ್ತೆ ಕಣೇ. ಗಾಳ ಒಂದು ಬಿಟ್ಟು ಮಿಕ್ಕಿದ್ದೆಲ್ಲ ತಿನ್ನುತ್ತೆ."

"ಹಾಗನ್ನಿ ಮತ್ತೆ. ನನ್ನ ಮುದ್ದೆ ಮೇಲೆ ತಪ್ಪು ಹೊರಿಸ್ಬೇಡಿ."

ಸಂಕ್ರಾಂತಿ ಹತ್ತಿರ ಬಂತು. ಸ್ಪರ್ಧೆ ಹಬ್ಬಕ್ಕೆ ಮುಂಚಿನ ಭಾನುವಾರ. ಅಪ್ಪಾಜಪ್ಪನಿಗೆ ಊಟ ಸೇರದು, ನಿದ್ದೆ ಬಾರದು. ಕಣ್ಣು ಮುಚ್ಚಿದರೆ ಈಚಲು ಚಾಪೆ!

ಆಗ ಅವನ ಬುದ್ಧಿಗೆ ಹೊಳೆದದ್ದು, ನಡುಮನೆಯಲ್ಲಿರೋ ಹುಳ.

ಕೊಂಡಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಆ ಬೆಳೆಯ ಹುಳ ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡೋ ನಿದ್ದೆ, ಮುಗಿಸಿ ಎದ್ದು, ಬೆರಳು ಗಾತ್ರ ಆಗಿ, ತಟ್ಟೆ ತಟ್ಟೆ ಸೊಪ್ಪು ಮೇಯುತ್ತಿದ್ದವು. ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡಬೇಕು. ಹುಳದ ಮನೆಯಾದ ಆ ನಡುಮನೆಗೆ ಅವಳ ಕಾನೂನು ಮುನಿರಾಮಪ್ಪನವರ ಕಾನೂನಿಗಿಂತ ಬಿಗಿ. ಸೊಪ್ಪು ಹಾಕೋಕೆ ಮುಂಚೆ ಪ್ರತಿ ಸಲವೂ ಅವಳು ಮಿಂದೇ ಒಳಗೆ ಹೋಗುತ್ತಿದ್ದಳು. ಒಗ್ಗರಣೆ ವಾಸನೆ ಕೂಡದು, ಬೀಡಿ ಹೊಗೆ ಕೂಡದು. ಮೀನಿನ ವಾಸನೆಯಂತೂ ಹೊಸ್ತಿಲು ದಾಟಲೇಬಾರದು.

"ಗೂಡು ಬಿಡಿಸೋವರೆಗೂ ಈ ಮನೆಗೆ ಮೀನು ಬಂತೋ," ಅಂತ ಅವಳು ಹೇಳಿಟ್ಟಿದ್ದಳು, "ಒಂದೋ ಅದು ಇರುತ್ತೆ, ಇಲ್ಲಾ ನೀವಿರ್ತೀರಿ."

ಇನ್ನೊಂದು ಪದ್ಧತಿಯೂ ಇತ್ತು, ಅದು ಗೌನಿಪಲ್ಲಿಯ ತವರಿಂದ ಬಂದದ್ದು. ಹುಳ ಹಣ್ಣಾಗೋ ದಿನ ಮನೆಯಲ್ಲಿ ಉಸಿರಾಡೋ ಜೀವಕ್ಕೆಲ್ಲ ಅರಿಶಿನದ ದಾರ ಕಟ್ಟಬೇಕು, ದಾರದ ಮಧ್ಯೆ ಒಂದು ಚೂರು ಅರಿಶಿನದ ಕೊಂಬು. ಹಸು, ಕರು, ಬೆಕ್ಕು, ಕೊನೆಗೆ ಯಜಮಾನ. ದಾರ ಕಟ್ಟಿಸಿಕೊಂಡವರೆಲ್ಲ ಮನೆಯವರು. ಮನೆಯವರ ಕಣ್ಣು ಬೆಳೆಗೆ ತಾಗಲ್ಲ. ಗೂಡು ಬಿಡಿಸೋವರೆಗೂ ಅದನ್ನ ಬಿಚ್ಚೋ ಹಾಗಿಲ್ಲ. ಹೋದ ಬೆಳೆಗೆ ಕೋಳಿ ಕಾಲಿಗೂ ಕಟ್ಟಿದ್ದಳು. ಕೋಳಿ ಬೀದಿಯಲ್ಲಿ ಮದುವಣಗಿತ್ತಿ ಹಾಗೆ ನಡೆಯುತ್ತಿತ್ತು.

ಶನಿವಾರ ಮಧ್ಯಾಹ್ನ. ಕೊಂಡಮ್ಮ ಸೊಪ್ಪು ತರೋಕೆ ತೋಟಕ್ಕೆ ಹೋಗಿದ್ದಳು. ಅಪ್ಪಾಜಪ್ಪ ಹುಳದ ಮನೆಗೆ ನುಗ್ಗಿ, ಒಂದು ಹಿಡಿ ಕೊಬ್ಬಿದ ಹುಳ ಎತ್ತಿ ನಶ್ಯದ ಡಬ್ಬಿಗೆ ತುಂಬಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವತ್ತು ಕಳ್ಳನ ಡಬ್ಬಿಯೂ ಹಾಗೇ ಇತ್ತು!

ಸ್ಪರ್ಧೆ ನಾಳೆ, ಸರಿ. ಇವತ್ತು ಗಾಳ ಇಳಿಸಬಾರದು, ಅದೂ ಸರಿ. ಆದರೆ ಪಾಳೇಗಾರನಿಗೆ ಸ್ವಲ್ಪ ರುಚಿ ತೋರಿಸಿ ಬಂದರೆ ತಪ್ಪೇನು? ಕಾವಲುಗಾರ ಸಂತೆಗೆ ಹೋಗಿದ್ದ. ಏರಿ ಮೇಲೆ ನರಪಿಳ್ಳೆ ಇಲ್ಲ. ಅಪ್ಪಾಜಪ್ಪ ತನ್ನ ಜಾಗದಲ್ಲಿ, ಹೊಂಗೆ ಮರದ ಕೆಳಗೆ ಜೊಂಡಿನ ಪಕ್ಕ ಕೂತು, ಒಂದು ಹುಳ ಸಿಕ್ಕಿಸಿ ಗಾಳ ಇಳಿಸಿದ.

ಗಾಳ ನೀರು ಮುಟ್ಟಿತೋ ಇಲ್ಲವೋ, ಗಬಕ್!

ಅಪ್ಪಾಜಪ್ಪ ಹಿಡಿದ ಕೋಲಿನ ಜೊತೆ ಸೊಂಟದ ಮಟ್ಟ ನೀರಿಗಿಳಿದ. ಮೀನು ಎಳೆಯಿತು, ಇವನು ಎಳೆದ. ಪಂಚೆ ಒಂದು ಕಡೆ ಹೋಯಿತು, ಟವಲ್ ಇನ್ನೊಂದು ಕಡೆ ಹೋಯಿತು. ಕೊನೆಗೆ ದಡದ ಮೇಲೆ, ಕೆಸರಲ್ಲಿ, ಸಾಕ್ಷಾತ್ ಪಾಳೇಗಾರ! ಮೀಸೆ ಅಲ್ಲಾಡಿಸುತ್ತಾ ಅಪ್ಪಾಜಪ್ಪನನ್ನೇ ನೋಡುತ್ತಿದ್ದ.

"ಸಿಕ್ಕಿದೆಯಲ್ಲೋ ಮಗನೇ!" ಅಂತ ಕುಣಿದ ಅಪ್ಪಾಜಪ್ಪ ನಿಧಾನವಾಗಿ ಕುಣಿಯೋದು ನಿಲ್ಲಿಸಿದ. ಸಿಕ್ಕಿದ್ದು ಶನಿವಾರ. ಸಿಗಬೇಕಾಗಿದ್ದು ಭಾನುವಾರ!

ಬಿಟ್ಟರೆ? ಒಂದು ಸಲ ಪೆಟ್ಟು ತಿಂದ ಪಾಳೇಗಾರ ನಾಳೆ ಮತ್ತೆ ಬಾಯಿ ಬಿಡ್ತಾನಾ? ಕೆರೆಯಲ್ಲೇ ಕಟ್ಟಿಹಾಕಿದರೆ? ಸಂಜೆ ಕಾವಲುಗಾರ ಸುತ್ತು ಬರ್ತಾನೆ, ಅವನ ಕಣ್ಣು ತಪ್ಪಿದರೆ ನೀರುನಾಯಿ ಬರುತ್ತೆ. ಇರೋದು ಒಂದೇ ದಾರಿ. ಮನೆಗೆ ಕರಕೊಂಡು ಹೋಗಿ, ಉಪಚಾರ ಮಾಡಿ, ಬೆಳಿಗ್ಗೆ ವಾಪಸ್ ತಂದು ನೀರಿಗೆ ಬಿಟ್ಟು, ಎಲ್ಲರ ಎದುರಿಗೆ 'ಹಿಡಿಯೋದು!'

ಯುದ್ಧದ ಕಾಲ. ಪೆಟ್ರೋಲ್ ಇಲ್ಲ. ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಹಿಂಭಾಗದಲ್ಲಿ ಒಂದು ದೊಡ್ಡ ಕೊಳವೆಯಂಥ ಒಲೆ, ಪಕ್ಕದಲ್ಲಿ ಇದ್ದಿಲು ಚೀಲಗಳು. ಅಪ್ಪಾಜಪ್ಪ ಪಾಳೇಗಾರನನ್ನ ನೆನೆಸಿದ ಗೋಣಿಚೀಲಕ್ಕೆ ಇಳಿಸಿ, ಸಂಜೆ ಬಸ್ಸಿಗೆ ಕೈ ಅಡ್ಡ ಹಾಕಿ, ಇದ್ದಿಲು ಚೀಲಗಳ ಪಕ್ಕ ತನ್ನ ಚೀಲ ಇಟ್ಟು ಏನೂ ಅರಿಯದವನ ಹಾಗೆ ಕೂತ.

ಚೀಲ ಒಮ್ಮೆ ಎಗರಿತು. ಪಕ್ಕದಲ್ಲಿದ್ದ ಅಜ್ಜಿ ಕಾಲು ಮೇಲೆತ್ತಿಕೊಂಡಳು.

"ಏಜೆಂಟಪ್ಪ, ಇದ್ದಿಲು ಯಾಕೆ ಒದ್ದಾಡ್ತೈತೆ?"

"ಯುದ್ಧದ ಇದ್ದಿಲು ಕಣಜ್ಜಿ! ಹಸಿ ಸೌದೇಲಿ ಸುಟ್ಟಿರ್ತಾರೆ, ಪೂರ್ತಿ ಜೀವ ಹೋಗಿರಲ್ಲ!"

ದಿಣ್ಣೆಯ ಹತ್ತಿರ ಬಸ್ಸಿಗೆ ಉಬ್ಬಸ ಬಂತು. ಕಂಡಕ್ಟರ್ ಇಳಿದು ಬಂದು, "ಇದ್ದಿಲು ಸುರೀಬೇಕು," ಅಂತ ನೇರವಾಗಿ ಪಾಳೇಗಾರನ ಚೀಲಕ್ಕೇ ಕೈ ಹಾಕಿದ! ಅಪ್ಪಾಜಪ್ಪ ಚೀಲದ ಮೇಲೆ ಕವುಚಿ ಬಿದ್ದ.

"ಇದು ಮುಟ್ಟಬೇಡ! ನಮ್ಮ ಮನೆ ಇದ್ದಿಲು!"

"ಮನೆಗ್ಯಾಕೆ ಏಜೆಂಟ್ರೇ ಇದ್ದಿಲು?"

"ಹಲ್ಲುಜ್ಜೋಕೆ!"

"ನೀವು ಬೇವಿನ ಕಡ್ಡೀಲಿ ಉಜ್ಜೋದಲ್ವಾ?"

"ನಾಳೆಯಿಂದ ಇದ್ದಿಲು!"

"ಒಂದು ಮೂಟೇನಾ?"

"ಹಸುಗೂ ಉಜ್ಜಬೇಕು ಕಣಯ್ಯ, ಹೋಗು!"

ಕಂಡಕ್ಟರ್ ತಲೆ ಕೆರೆದುಕೊಂಡು ಬೇರೆ ಚೀಲ ಸುರಿದ. ಅದೂ ಸಾಲದೆ ಜನರೆಲ್ಲ ಇಳಿದು ಬಸ್ಸು ತಳ್ಳಿದರು. ಅಜ್ಜಿಯೂ ಒಂದು ಕೈ ಕೊಟ್ಟಳು. ಒಳಗೆ ಕೂತಿದ್ದವರು ಇಬ್ಬರೇ, ಏಜೆಂಟ್ ಮತ್ತು ಪಾಳೇಗಾರ.

ಮನೆ ಸೇರಿದಾಗ ಕೊಂಡಮ್ಮ ಒಳಗೆ ತಟ್ಟೆ ಸರಿಸುತ್ತಿದ್ದಳು. ಅಪ್ಪಾಜಪ್ಪ ಹಿತ್ತಲ ಕಡೆಯಿಂದ ಬಚ್ಚಲಿಗೆ ನುಗ್ಗಿದ. ಒಲೆ ಮೇಲೆ ತಾಮ್ರದ ಹಂಡೆ, ತುಂಬ ನೀರು. ಪಾಳೇಗಾರನನ್ನ ಅದರೊಳಗೆ ಬಿಟ್ಟ. ಒಂದು ಸುತ್ತು ಸುತ್ತಿ, ಮೈಯನ್ನ ಬಳ್ಳಿಯ ಹಾಗೆ ಬಳುಕಿಸಿ, ಅವನು ತಳದಲ್ಲಿ ನೆಲೆಗೊಂಡ. ಅಪ್ಪಾಜಪ್ಪ ಮುಚ್ಚಳ ಮುಚ್ಚಿ, ಮೇಲೊಂದು ಕಲ್ಲು ಹೇರಿದ.

"ಯಾರದು ಬಚ್ಚಲಲ್ಲಿ?"

"ನಾನೇ ಕಣೇ! ಕಾಲು ತೊಳೀತಾ ಇದೀನಿ!"

"ಎಷ್ಟು ಕಾಲು? ಅವಾಗಿಂದ ದುಳುಬುಳು ಅಂತಾನೇ ಇದೆ."

"ಎರಡೇ ಕಣೇ! ಕೆಸರು ಜಾಸ್ತಿ!"

ಕೊಂಡಮ್ಮ ಬಾಗಿಲಿಗೆ ಬಂದು ಮೂಗು ಅರಳಿಸಿದಳು. "ಏನೋ ನೀಸು ವಾಸನೆ."

"ಕೆರೆ ಹತ್ತಿರ ಬಸ್ ನಿಂತುಬಿಡ್ತು. ಕೆರೆ ಗಾಳಿ."

"ಹಂಡೆ ಮೇಲೆ ಕಲ್ಲು ಯಾಕೆ?"

"ಇಲಿ ಬೀಳ್ತವೆ!"

ಕೊಂಡಮ್ಮ ಕಲ್ಲು ನೋಡಿದಳು, ಗಂಡನ್ನ ನೋಡಿದಳು. "ಸರಿ. ಮುದ್ದೆ ಮುಚ್ಚಿಟ್ಟಿದೀನಿ, ಉಂಡು ಮಲಗಿ. ನಾನು ಹುಳಕ್ಕೆ ಸೊಪ್ಪು ಹಾಕಿ ಬರ್ತೀನಿ," ಅಂದಳು. ಗೆದ್ದೆ ಅಂದುಕೊಂಡ ಅಪ್ಪಾಜಪ್ಪ. ಎರಡು ಮುದ್ದೆ ನುಂಗಿ, ಕನಸಲ್ಲಿ ಹಿತ್ತಾಳೆ ಮೊಳೆ ಎಣಿಸುತ್ತಾ ಗೊರಕೆ ಹೊಡೆದ.

ಬೆಳಿಗ್ಗೆ ಅವನನ್ನ ಎಬ್ಬಿಸಿದ್ದು ಸೌದೆ ಮುರಿಯೋ ಸದ್ದು. ಎದ್ದು ಬಚ್ಚಲಿಗೆ ಓಡಿದ. ಕೊಂಡಮ್ಮ ಹಂಡೆ ಒಲೆ ಮುಂದೆ ಕೂತು ಊದುಗೊಳವೆ ಕೈಯಲ್ಲಿ ಹಿಡಿದಿದ್ದಳು.

"ಏನೇ ಮಾಡ್ತಾ ಇದೀಯ?"

"ಲಂಕಾದಹನ. ಕಾಣಲ್ವಾ? ಒಲೆ ಹಚ್ತಾ ಇದೀನಿ."

"ಬೇಡ! ಹಚ್ಚಬೇಡ!"

"ಯಾಕೆ?"

"ಯುದ್ಧ ಕಣೇ! ಸೌದೆ ಉಳಿಸಬೇಕು!"

"ಇದು ಹಿಪ್ಪುನೇರಳೆ ಕಡ್ಡಿ. ಇದನ್ನ ಯಾವ ಯುದ್ಧಕ್ಕೆ ಕಳಿಸ್ತೀರಿ?"

"ನಾನು ತಣ್ಣೀರಲ್ಲಿ ಮೀಯ್ತೀನಿ! ಗಂಡಸಾದವನು ತಣ್ಣೀರಲ್ಲೇ ಮೀಯಬೇಕು!"

"ಅಯ್ಯೋ, ಮಾಗಿ ಚಳಿ ರೀ. ನಿನ್ನೆವರೆಗೂ ಬೆಚ್ಚಗಿಲ್ಲ, ಇನ್ನೊಂದು ಸೌದೆ ಹಾಕು ಅಂತ ಕೂಗ್ತಿದ್ದೋರು ನೀವೇ ತಾನೆ? ಹಬೆ ಆಡೋವರೆಗೂ ಕಾಯಿಸ್ತೀನಿ, ಸುಮ್ನಿರಿ." ಅವಳು ಊದುಗೊಳವೆ ಬಾಯಿಗಿಟ್ಟಳು.

ಅಪ್ಪಾಜಪ್ಪ ಒಲೆಗೆ ಅಡ್ಡ ನಿಂತ. ಹಂಡೆಯೊಳಗೆ ಅವನ ಕಪ್ಪು, ಅವನ ಮಣೆ, ಅವನ ಮಾನ ಎಲ್ಲಾ ಸಾರಾಗೋ ಸ್ಥಿತಿ! ಊದುಗೊಳವೆ ಕಿತ್ತುಕೊಂಡ. "ನಿನ್ನ ಹುಳದಾಣೆ ಕಣೇ, ಹಚ್ಚಬೇಡ!"

ಕೊಂಡಮ್ಮ ಅವನ ಮುಖವನ್ನ ಒಂದು ಗಳಿಗೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. ಕೆಮ್ಮು ಬಂತು ಅಂದುಕೊಂಡ ಅಪ್ಪಾಜಪ್ಪ.

"ಸರಿ, ನಿಮ್ಮಿಷ್ಟ. ಬನ್ನಿ ಬಾವಿ ಹತ್ತಿರ."

ಬಾವಿಯ ಹತ್ತಿರ ಅವಳೇ ನಿಂತು, ಕೊಡದ ಮೇಲೆ ಕೊಡ ಸುರಿದಳು. ಅಪ್ಪಾಜಪ್ಪನ ಹಲ್ಲು ಕಟಕಟ ಅಂದವು. "ಸಾಕು ಕಣೇ!" ಅಂದರೆ, "ಗಂಡಸಾದವನು..." ಅಂತ ಇನ್ನೊಂದು ಕೊಡ!

ಒರೆಸಿಕೊಂಡು ನಿಂತಾಗ ಅವಳು ಮಡಿಲಿಂದ ಅರಿಶಿನದ ದಾರ ತೆಗೆದಳು. "ಹುಳ ಹಣ್ಣಾಗಿವೆ. ಕೈ ಕೊಡಿ." ಬಲಗೈಗೆ ಸುತ್ತಿ, ಗೌನಿಪಲ್ಲಿ ಗಂಟು ಹಾಕಿ, ಕೊಂಬಿನ ಚೂರನ್ನ ಸರಿಯಾಗಿ ಮೇಲಕ್ಕೆ ತಿರುಗಿಸಿದಳು. "ಮನೇಲಿ ಉಸಿರಾಡೋ ಜೀವಕ್ಕೆಲ್ಲ ಕಟ್ಟಿ ಆಯ್ತು. ನೀವೇ ಬಾಕಿ ಇದ್ರಿ."

ಅಷ್ಟು ಹೇಳಿ ಹುಳದ ಮನೆಗೆ ಹೋದಳು. ಅಪ್ಪಾಜಪ್ಪ ಅವಳ ಮಾತು ಕಿವಿಗೆ ಹಾಕಿಕೊಳ್ಳೋ ಸ್ಥಿತಿಯಲ್ಲಿರಲಿಲ್ಲ. ಬಚ್ಚಲ ಕತ್ತಲಲ್ಲೇ ಹಂಡೆಗೆ ಕೈ ಇಳಿಸಿ, ಪಾಳೇಗಾರನನ್ನ ಬಾಲ ಮೊದಲು ಮಾಡಿ ಒದ್ದೆ ಗೋಣಿಗೆ ತುರುಕಿ, ಉದ್ದ ತೋಳಿನ ಕೋಟು ಏರಿಸಿ, ಮೊದಲ ಬಸ್ಸಿಗೆ ಓಡಿದ.

ಕೆರೆಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಜೊಂಡಿನ ಮರೆಯಲ್ಲಿ ಗೋಣಿಯನ್ನ ನೀರಿಗೆ ಇಳಿಸಿ, ಗೋಣಿ ಬಾಯಿಯೊಳಗೇ ಕೈ ಹಾಕಿ ಪಾಳೇಗಾರನ ತುಟಿಗೆ ಗಾಳ ಸಿಕ್ಕಿಸಿ, ಗಾಳದ ದಾರವನ್ನ ಹೊಂಗೆ ಬೇರಿಗೆ ಕಟ್ಟಿದ. ಆಮೇಲೆ ಗೋಣಿ ಎಳೆದುಕೊಂಡ. ಮೀನು ಕೆಸರು ನೀರಿನ ಕೆಳಗೆ ಮರೆಯಾಯಿತು.

ಹೊತ್ತೇರಿದ ಮೇಲೆ ಮೆಂಬರುಗಳು ಬಂದರು. ಕದಿರೇಶ ಬೆಂಗಳೂರಿಂದ ತರಿಸಿದ ಚಕ್ರದ ಕೋಲು ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು ಬಂದ.

"ಏನಣ್ಣಾ, ಇಷ್ಟು ಚಳೀಲಿ ತಲೆ ಒದ್ದೆ?"

"ಗಂಗಾಸ್ನಾನ. ಗಂಗಮ್ಮನ ಕೃಪೆ ಇದ್ದೋನಿಗೆ ಚಕ್ರದ ಕೋಲು ಬೇಕಿಲ್ಲ ಕದಿರೇಶ!"

ಮುನಿರಾಮಪ್ಪನವರು ಸೀಟಿ ಊದಿದರು. ಎಲ್ಲರೂ ಗಾಳ ಇಳಿಸಿದರು. ಅಪ್ಪಾಜಪ್ಪ ಬೇರಿಗೆ ಕಟ್ಟಿದ್ದ ದಾರವನ್ನ ಮೆಲ್ಲಗೆ ಬಿಚ್ಚಿ ತನ್ನ ಕೋಲಿಗೆ ಸೇರಿಸಿಕೊಂಡ. ತಕ್ಷಣ ಎಳೆದರೆ ಅನುಮಾನ ಬಂದೀತು ಅಂತ 'ನಮ್ಮ ರಾಜತಂತ್ರಜ್ಞ' ಸ್ವಲ್ಪ ಹೊತ್ತು ಆಕಾಶ ನೋಡಿದ, ಆಕಳಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ, "ಅಯ್ಯಯ್ಯೋ! ಸಿಕ್ಕಿತು! ಎಳೀತಾ ಇದೆ! ಹಿಡ್ಕೊಳ್ರಪ್ಪೋ!"

ಎರಡು ಸಲ ಬಸ್ ಪ್ರಯಾಣ, ಹಂಡೆ ವಾಸ ಎಲ್ಲ ಆಗಿ ಪಾಳೇಗಾರನಿಗೆ ಜೀವನವೇ ಬೇಸರ ಬಂದಿತ್ತು. ಎಳೆದ ಕಡೆ ಬಂದ. ಒದ್ದಾಡಿದ್ದೆಲ್ಲ ಅಪ್ಪಾಜಪ್ಪನೇ! ಮುಂದಕ್ಕೆ ಬಗ್ಗಿದ, ಹಿಂದಕ್ಕೆ ವಾಲಿದ, ಕೆಸರಲ್ಲಿ ಎರಡು ಸಲ ಬಿದ್ದ. ಎಲ್ಲರೂ ತಮ್ಮ ಗಾಳ ಬಿಟ್ಟು ಓಡಿ ಬಂದರು.

ಮೀನು ದಡಕ್ಕೆ ಬಂತು. "ಪಾಳೇಗಾರ!" ಅಂತ ಏರಿಯ ಮೇಲೆಲ್ಲ ಕೂಗು. ಮುನಿರಾಮಪ್ಪನವರು ಟೋಪಿ ತೆಗೆದು, "ಭೇಷ್ ಅಪ್ಪಾಜಪ್ಪ! ಕ್ಲಬ್ಬಿನ ಚರಿತ್ರೆಯಲ್ಲೇ ಇಲ್ಲ!" ಅಂತ ಬೆನ್ನು ತಟ್ಟಿದರು. ಕದಿರೇಶನ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಆ ಮುಖ ನೋಡಿ ಅಪ್ಪಾಜಪ್ಪನಿಗೆ ಆದ ಆನಂದ ಅಷ್ಟಿಷ್ಟಲ್ಲ.

ಅಧ್ಯಕ್ಷರು ಮೀನನ್ನ ತಕ್ಕಡಿಗೆ ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಇದೇನ್ರೀ ಇದರ ಬಾಲದಲ್ಲಿ?"

ಬಾಲ ಸಣ್ಣಗಾಗೋ ಕಡೆ, ಅಚ್ಚುಕಟ್ಟಾಗಿ ಸುತ್ತಿ ಗಂಟು ಹಾಕಿದ, ಅರಿಶಿನದ ದಾರ. ಮಧ್ಯೆ ಒಂದು ಚೂರು ಕೊಂಬು.

ಗುಂಪು ಬಗ್ಗಿ ನೋಡಿತು. ಹಿಂದಿನಿಂದ ಯಾರೋ, "ಗಂಗಮ್ಮ ತಾಯಿ ಮೀನು!" ಅಂದರು. ಒಂದಿಬ್ಬರು ಚಪ್ಪಲಿ ಬಿಟ್ಟರು. ಅಪ್ಪಾಜಪ್ಪನೂ ಆ ದಾರವನ್ನ ಮೊದಲ ಸಲ ನೋಡಿದ್ದು ಆಗಲೇ. ಆದರೂ ಮುಳುಗೋನಿಗೆ ಹುಲ್ಲುಕಡ್ಡಿ ಸಿಕ್ಕಿತು.

"ಹೌದು ಹೌದು! ದೇವರ ಮೀನು! ತಾಯೇ, ಗಂಗಮ್ಮಾ!" ಅಂತ ಕೂಗಿ, ಭಕ್ತಿ ಉಕ್ಕಿ, ಎರಡೂ ಕೈ ತಲೆ ಮೇಲೆ ಎತ್ತಿ ಮುಗಿದ.

ಕೋಟಿನ ತೋಳು ಮೊಣಕೈಗೆ ಜಾರಿತು.

ಕದಿರೇಶ ಕಪ್ಪು ಕನ್ನಡಕ ತೆಗೆದ. ಷಡ್ಡಕನ ಕೈ ನೋಡಿದ. ಮೀನಿನ ಬಾಲ ನೋಡಿದ. ಮತ್ತೆ ಕೈ ನೋಡಿದ.

"ಅಣ್ಣಾ, ಆ ಕೈ ಸ್ವಲ್ಪ ಕೆಳಗೆ ತನ್ನಿ."

"ಯಾಕೆ? ನಾನು ಪ್ರಾರ್ಥನೇಲಿದೀನಿ!"

"ಪರವಾಗಿಲ್ಲ, ಪ್ರಾರ್ಥನೆ ಈ ಕೈಯಲ್ಲಿ ಮಾಡಿ, ಆ ಕೈ ಕೊಡಿ." ಕೈ ಎಳೆದು ಬಾಲದ ಪಕ್ಕ ಹಿಡಿದ. ಒಂದೇ ದಾರ, ಒಂದೇ ಕೊಂಬು, ಒಂದೇ ಗಂಟು. "ಸಾರ್, ಈ ಗಂಟು ನನಗೆ ಚೆನ್ನಾಗಿ ಗೊತ್ತು. ನಮ್ಮ ಮಾವನ ಮನೆ ಹೆಣ್ಣುಮಕ್ಕಳು ಮಾತ್ರ ಹಾಕೋ ಗಂಟು. ಹುಳ ಹಣ್ಣಾದಾಗ ಮನೆಯವರಿಗೆಲ್ಲ ಕಟ್ತಾರೆ. ನನ್ನ ಕೈಗೂ ಕಟ್ಟಿದ್ರು, ಹಲ್ಲಲ್ಲಿ ಕಚ್ಚಿದ್ರೂ ಬಿಚ್ಚಲ್ಲ!"

ಮುನಿರಾಮಪ್ಪನವರು ಮೀನನ್ನ ನೋಡಿ, ಅಪ್ಪಾಜಪ್ಪನನ್ನ ನೋಡಿ, ಗಂಭೀರವಾಗಿ ಕೇಳಿದರು:

"ಅಪ್ಪಾಜಪ್ಪ, ಈ ಮೀನು ನಿಮಗೇನಾಗಬೇಕು?"

ಅಷ್ಟೇ. ಏರಿಯ ಮೇಲೆ ಬಿದ್ದ ನಗುವಿಗೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅಪ್ಪಾಜಪ್ಪ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಪಾಳೇಗಾರನೂ ಪಕ್ಕದಲ್ಲಿ ಅದನ್ನೇ ಮಾಡುತ್ತಿದ್ದ. ಕೊನೆಗೆ ಹುಳ, ಶನಿವಾರ, ಬಸ್ಸು, ಹಂಡೆ ಎಲ್ಲ ಒಂದೊಂದಾಗಿ ಹೊರಬಂತು.

ಅಪ್ಪಾಜಪ್ಪನ ಹೆಸರು ಆ ವರ್ಷಕ್ಕೆ ಕ್ಲಬ್ಬಿನಿಂದ ಔಟ್! ಅಂಗೈ ಅಗಲದ ಒಂದು ಮೀನು ಹಿಡಿದಿದ್ದ ಕದಿರೇಶನಿಗೆ ಕಪ್ಪು. ಪಾಳೇಗಾರನನ್ನ ನೀರಿಗೆ ಬಿಡೋ ಮುಂಚೆ ಯಾರೋ ದಾರ ಕತ್ತರಿಸೋಕೆ ಹೋದರು. ಕದಿರೇಶ ತಡೆದ. "ಬೇಡಿ, ಗೂಡು ಬಿಡಿಸೋವರೆಗೂ ಬಿಚ್ಚಬಾರದು. ನಮ್ಮ ಅತ್ತಿಗೆ ಬೆಳೆ ಕೆಡುತ್ತೆ." ಪಾಳೇಗಾರ ದಾರದ ಸಮೇತ, ಗತ್ತಿನಿಂದ ಕೆರೆಗಿಳಿದ.

ಮನೆಗೆ ಬಂದ ಅಪ್ಪಾಜಪ್ಪ ಜಗಲಿ ಮೇಲೆ ಕುಸಿದ. ಒಳಗೆ ಹುಳ ಚಂದ್ರಂಕಿ ಅನ್ನೋ ಬಿದಿರಿನ ತಟ್ಟೆಗಳ ಸುತ್ತಿನಲ್ಲಿ ಕೂತು ಗೂಡು ಕಟ್ಟೋಕೆ ಶುರು ಮಾಡಿದ್ದವು. ಕೊಂಡಮ್ಮನ ಮುಖ ಬೆಳಗುತ್ತಿತ್ತು.

"ನಿನಗೆ ಗೊತ್ತಿತ್ತಾ?" ಅಂತ ಕೇಳಿದ, ಅಳೋ ದನಿಯಲ್ಲಿ.

"ಸೊಪ್ಪು ಹಾಕೋ ಮುಂಚೆ ನಾನು ಮೀಯಲ್ವಾ? ಹಂಡೆಗೆ ಚೊಂಬು ಹಾಕಿದೆ, ಚೊಂಬನ್ನ ಯಾರೋ ಮೂತೀಲಿ ತಳ್ಳಿದ್ರು. ಮುಚ್ಚಳ ಪೂರ್ತಿ ತೆಗೆದೆ. ಮೀಸೆ ಕಾಣಿಸ್ತು."

"ಹಾಗಿದ್ರೆ ಬೈಯೋದು ತಾನೆ? ದಾರ ಯಾಕೆ ಕಟ್ಟಿದೆ?"

"ಬೈಯೋಕೆ ಟೈಮ್ ಎಲ್ಲಿತ್ತು? ಮಧ್ಯಾಹ್ನವೇ ತಟ್ಟೇಲಿ ಸೊಪ್ಪಿನ ಮೇಲೆ ನಿಮ್ಮ ಐದು ಬೆರಳಿನ ಗುರುತು ಕಂಡಿತ್ತು, ಹುಳ ಕದ್ದಿದ್ದು ಗೊತ್ತಾಗಿತ್ತು. ಮೀನು ಮನೆಗೆ ಬಂದೇಬಿಟ್ಟಿದೆ, ಬೆಳಿಗ್ಗೆ ಹುಳ ಹಣ್ಣಾಗುತ್ತೆ. ಹೊರಗಿನೋರ ಕಣ್ಣು ಬಿದ್ರೆ ಬೆಳೆ ಹೋಗುತ್ತೆ. ಇನ್ನೇನು ಮಾಡ್ಲಿ? ಮನೆಯೋನನ್ನಾಗಿ ಮಾಡ್ಕೊಂಡೆ. ಪಾಪ, ಹಿಡ್ಕೊಂಡ್ರೆ ಸುಮ್ನೆ ಬಾಲ ಕೊಡ್ತು. ನಿಮ್ಮ ಹಾಗೆ ಕೈ ಕೊಸರಲಿಲ್ಲ."

"ಕತ್ತರಿಸು ಕಣೇ ಈ ದಾರಾನ! ಬಸ್ ಸ್ಟ್ಯಾಂಡಲ್ಲಿ ಜನ ಟಿಕೆಟ್ ಕೇಳ್ತಾ ಇಲ್ಲ, ಕೈ ತೋರಿಸು ಅಂತಾರೆ!"

"ಗೂಡು ಬಿಡಿಸೋವರೆಗೂ ಆಗಲ್ಲ. ಕೆರೇಲಿರೋದು ಸುಮ್ನೆ ಕಟ್ಕೊಂಡು ಓಡಾಡ್ತಿಲ್ವಾ? ಅದಕ್ಕಿಲ್ಲದ ನಾಚಿಕೆ ನಿಮಗೇನು?"

ಸಂಕ್ರಾಂತಿ ಬಂದೇಬಿಟ್ಟಿತು. ಪಕ್ಕದ ಮನೆಯವರಿಗೂ ದಾರ ಕಟ್ಟಿ, ಅವರನ್ನ ಗೂಡಿನ ಕಾವಲಿಗೆ ಬಿಟ್ಟು ಗಂಡ ಹೆಂಡತಿ ಗೌನಿಪಲ್ಲಿಗೆ ಹೋದರು. ಸುದ್ದಿ ಅವರಿಗಿಂತ ಮುಂಚಿನ ಬಸ್ಸಿನಲ್ಲೇ ಹೋಗಿತ್ತು. ಅಪ್ಪಾಜಪ್ಪ ತಲೆ ತಗ್ಗಿಸಿ ಊಟದ ಮನೆಗೆ ಕಾಲಿಟ್ಟ. ಇಟ್ಟವನು ಕಣ್ಣರಳಿಸಿದ.

ಹಿತ್ತಾಳೆ ಮೊಳೆ ಮಣೆಯ ಮೇಲೆ ಕದಿರೇಶ ಕೂತಿದ್ದ, ಸರಿ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಮಣೆ! ಹೊಸದು! ಇದಕ್ಕೂ ಹಿತ್ತಾಳೆ ಮೊಳೆ! ಅಪ್ಪಾಜಪ್ಪನ ಕಣ್ಣಲ್ಲಿ ನೀರು ಬಂತು. ಎಷ್ಟಾದರೂ ಮಾವ ಹಿರಿಯರು, ಮನಸ್ಸು ದೊಡ್ಡದು. ಪಂಚೆ ಸರಿಮಾಡಿಕೊಂಡು ಕೂರೋಕೆ ಬಗ್ಗಿದ.

"ವದ್ದು ವದ್ದು!" ಅಂತ ಕೂಗಿದರು ದೊಡ್ಡವೆಂಕಟಪ್ಪ. "ಅಲ್ಲಿ ಕೂರಬೇಡಪ್ಪಾ, ಅದು ಮೂರನೇ ಅಳಿಯನ ಮಣೆ!"

"ಮೂರನೇ ಅಳಿಯನಾ? ನಿಮಗಿರೋದು ಇಬ್ಬರೇ ಹೆಣ್ಣುಮಕ್ಕಳಲ್ವಾ ಮಾವ?"

"ನಮ್ಮ ಕೊಂಡಮ್ಮ ದಾರ ಕಟ್ಟಿದಾಳಲ್ಲ, ಕೆರೇಲಿರೋ ಮೀಸೆಯೋನು. ದಾರ ಕಟ್ಟಿದ ಮೇಲೆ ಮನೆಯೋನೇ. ಬರ್ತಾನೋ ಬಿಡ್ತಾನೋ, ಮಣೆ ಹಾಕೋದು ನಮ್ಮ ಧರ್ಮ." ಈಚಲು ಚಾಪೆ ತೋರಿಸಿದರು. "ನೀನು ಅಲ್ಲೇ ಕೂತ್ಕೋ."

ಅಪ್ಪಾಜಪ್ಪ ಚಾಪೆ ಮೇಲೆ ಕೂತ. ಕೊಂಡಮ್ಮ ಬಿಸಿ ಮುದ್ದೆ ಹಿಡಿದು ಬಂದು, ಖಾಲಿ ಮಣೆ ಮುಂದಿನ ಎಲೆ ನೋಡಿ, ಗಂಡನ ಭುಜ ಮೆಲ್ಲಗೆ ತಟ್ಟಿದಳು.

"ರೀ, ಸ್ವಲ್ಪ ಆ ಕಡೆ ಸರ್ಕೊಳ್ಳಿ. ಮೊದಲು ಅವರಿಗೆ ಬಡಿಸ್ಬೇಕು."